ಮಂದ್ರತಂತಿಯ ಭಾರ

ಕುಣಿಗಲ್ಲಿನ ಕಾಲೇಜು ವಿದ್ಯಾರ್ಥಿಯೊಬ್ಬರು ಕೇಳಿರುವ ಪ್ರಶ್ನೆ ಬಹು ಸ್ವಾರಸ್ಯವಾದದ್ದು. ತುಮಕೂರಿನ ರಸಮಂಜರಿ ಕಾರ್ಯಕ್ರಮವೊಂದರಲ್ಲಿ ಉಳಿದವರೆಲ್ಲ ಕೈ ತೆಗೆದಾಗ ಬೇಸ್ ಗಿಟಾರಿನವರು ಒಬ್ಬರೇ ನುಡಿಸಿದ ತನಿಯಿಂದ ಎದೆಗೂಡೇ ಅದುರಿತೆಂದೂ, ಗೆಳೆಯರು ಅದನ್ನೇ ಮೊಬೈಲಿನಲ್ಲಿ ಹಿಡಿದು ಮನೆಯಲ್ಲಿ ಕೇಳಿಸಿದಾಗ ಅದುರು ಮಾಯವಾಗಿದ್ದರೂ ಸ್ವರಗಳು ಇದ್ದ ಸ್ಥಾಯಿಯಲ್ಲಿಯೇ ಕೇಳಿದುವೆಂದೂ ಬರೆದು, ಅಷ್ಟು ಚಿಕ್ಕ ಸ್ಪೀಕರಿನಿಂದ ಅಷ್ಟು ತಗ್ಗಿನ ನಾದ ಹೊರಡುವುದಾದರೂ ಹೇಗೆಂದು ಅವರು ಕೇಳಿದ್ದಾರೆ. ಅದು ಹೊರಡುವುದೇ ಇಲ್ಲವೆಂಬುದು ನೇರವಾದ ಉತ್ತರ. ಹೊರಡದ ನಾದ ಕಿವಿಗೆ ತಲಪುವುದೆಂತು ಎಂಬುದನ್ನರಿಯಲು ಮಂದ್ರವು ಹುಟ್ಟುವ ಬಗೆಯನ್ನು ಮೊದಲು ನೋಡಬೇಕು.

ತಂತಿಯ ಕಂಪನವು ಅದರ ಉದ್ದ, ಬಿಗಿತ, ತೂಕಗಳಿಗೆ ಹೇಗೆ ಅಧೀನವಾಗಿದೆಯೆಂಬುದನ್ನು ಫ್ರಾನ್ಸಿನ ಪಾದ್ರಿ ಮರ್ಸೆನ್ನನು 1636ರಲ್ಲಿಯೇ ನಿರೂಪಿಸಿದ್ದನು. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ಬೇಸ್ ಗಿಟಾರಿನದು 41 ಸಲ ಕಂಪಿಸುವುದು. ಎಂದರೆ ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಉದ್ದವೊಂದರಿಂದಲೇ ಇದನ್ನು ಸಾಧಿಸುವುದಾದರೆ ತಂತಿ ಇಮ್ಮಡಿಯಾಗಬೇಕು, ಆಗ ಕೈಗೆ ಎಟುಕದು. ಬಿಗಿತವೊಂದರಿಂದಲೇ ಆದರೆ ಅದನ್ನು ಕಾಲುಪಾಲಿಗೆ ಇಳಿಸಬೇಕು, ಆಗ ತಂತಿ ಜೋಲುಬಿದ್ದು ಪಟಪಟನೆ ಬಡಿಯುವುದು. ಆದಕಾರಣ 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಹೊರತಂದ ಬೇಸ್ ಗಿಟಾರಿನಲ್ಲಿ ತಂತಿಯ ಉದ್ದವನ್ನು 34 ಅಂಗುಲಕ್ಕೆ ನಿಲ್ಲಿಸಿ, ಉಳಿದ ಹೊಣೆಯನ್ನೆಲ್ಲ ತೂಕಕ್ಕೆ ವಹಿಸಲಾಯಿತು. ಇಡಿಯ ತಂತಿಯನ್ನೇ ದಪ್ಪ ಮಾಡಿದರೆ ಅದು ಸರಳಿನಂತೆ ಸೆಟೆದು ಮೇಲುಸ್ವರಗಳು ಅಪಶ್ರುತಿಯಾಗುವುದರಿಂದ, ತೆಳುವಾದ ಉಕ್ಕಿನ ಎಳೆಯೊಂದರ ಸುತ್ತ ಮತ್ತೊಂದು ತಂತಿಯನ್ನು ಒತ್ತೊತ್ತಾಗಿ ಸುತ್ತುವರು. ಸುತ್ತಿದ ತಂತಿ ಭಾರವನ್ನು ಕೂಡಿಸುತ್ತದೆ, ಸೆಡವನ್ನು ಕೂಡಿಸುವುದಿಲ್ಲ.

ಈ ಉಪಾಯವನ್ನು ನಮ್ಮ ಮೃದಂಗದವರು ಬಹುಕಾಲದಿಂದ ಬಲ್ಲರು. ಕಚೇರಿಗೆ ಕೂರುವ ಮುನ್ನ ವಿದ್ವಾಂಸರು ಒಂದಿಷ್ಟು ರವೆಯನ್ನು ನೀರಿನಲ್ಲಿ ಕಲಸಿ, ಎಡಮುಚ್ಚಿಗೆಯ ನಡುವೆ ಬಿಲ್ಲೆಯಾಗಿ ಮೆತ್ತಿ, ಒಮ್ಮೆ ತಟ್ಟಿ ಆಲಿಸಿ, ಹೆಚ್ಚಾಯಿತೆನಿಸಿದರೆ ಚಿವುಟಿ ತೆಗೆದು, ಸಾಲದೆನಿಸಿದರೆ ಇನ್ನಷ್ಟು ಒತ್ತುವುದನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದವರಿಗೆ ಮರ್ಸೆನ್ನನ ನಿಯಮವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ತಮಟೆಯಂಥ ಬರಿಯ ಚರ್ಮದ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ; ಮೃದಂಗದ ಬಲಮುಚ್ಚಿಗೆಯಲ್ಲಾದರೋ ಕಪ್ಪು ಕರಣೆಯ ಭಾರವು ಅವುಗಳನ್ನು ತಂತಿವಾದ್ಯದಲ್ಲಿರುವಂತೆ ಒಂದು, ಎರಡು, ಮೂರು ಎಂಬ ಸರಳ ಅನುಪಾತಕ್ಕೆ ತರುವುದು. ಇದನ್ನು ಸಿ. ವಿ. ರಾಮನ್ನರು 1920ರಲ್ಲಿ ಸಹಲೇಖಕರೊಬ್ಬರೊಡನೆ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿ, ಬೆಂಗಳೂರಿಗೆ ಬಂದ ತರುವಾಯ 1934ರಲ್ಲಿ ವಿಸ್ತಾರವಾಗಿ ಪ್ರತಿಪಾದಿಸಿದರು. ನೊಬೆಲ್ ತಂದ ಬೆಳಕಿನ ಸಂಶೋಧನೆಯ ಪ್ರಭೆಯಲ್ಲಿ ಈ ಕೆಲಸವು ಮರೆಯಾಗಿರುವುದು ನನಗೆ ನಿಜವಾಗಿಯೂ ಖೇದದ ಸಂಗತಿ.

ಇನ್ನು ಕಿವಿಯ ವಿಷಯ. ನಮ್ಮ ಕಿವಿ ಮಂದ್ರಕ್ಕೆ ತೀರ ಮಂದವಾದದ್ದು: ಸಾವಿರ ಹರ್ಟ್ಸಿನ ಸ್ವರವು ಕೇಳಿತೋ ಇಲ್ಲವೋ ಎಂಬಷ್ಟು ಕೇಳಲು ಬೇಕಾದ ಶಕ್ತಿಯ ಸುಮಾರು ಲಕ್ಷ ಪಟ್ಟು 40 ಹರ್ಟ್ಸಿನ ಸ್ವರಕ್ಕೆ ಬೇಕು. ಹೀಗಿರುವಲ್ಲಿ ಕಿವಿ ಬೇಸ್ ಸ್ವರವನ್ನು ಗುರುತಿಸುವುದು ಬಹುಮಟ್ಟಿಗೆ ಅದರ ಮೇಲುಸ್ವರಗಳಿಂದ. 41ರ ಮೂಲಸ್ವರದೊಡನೆ 82, 123, 164 ಎಂದು ಮೇಲೇರುವ ಸ್ವರಗಳೂ ಹುಟ್ಟುತ್ತವೆ. ಮೊಬೈಲಿನ ಸ್ಪೀಕರು ಕೆಳಗಿನವನ್ನೆಲ್ಲ ಕೈಬಿಟ್ಟರೂ ಮೇಲೆ ಉಳಿದವುಗಳ ನಡುವಣ ಅಂತರ 41 ಆಗಿಯೇ ಇರುವುದರಿಂದ ಅವೆಲ್ಲ ಕೂಡಿ ಸೆಕೆಂಡಿಗೆ 41 ಸಲ ಮರುಕಳಿಸುವುವು. ಗುಬ್ಬಿಯ ಚನ್ನಬಸವೇಶ್ವರ ಜಾತ್ರೆಯಲ್ಲಿ ಮನೆಗಳ ಮಾಡಿನ ಮೇಲೆ ಕಳಸವೊಂದು ಸರಿಯುವುದನ್ನು ಕಂಡವನು ಕೆಳಗೆ ಗಾಲಿ ಉರುಳುತ್ತಿರುವುದನ್ನು ಕಾಣದೆಯೇ ಅರಿಯುವಂತೆ, ಕಿವಿಯು ಇಲ್ಲದ ಮೂಲವನ್ನು ತಾನೇ ಅರಿಯುತ್ತದೆ. ಜರ್ಮನಿಯ ಸೀಬೆಕ್ 1841ರಲ್ಲಿ ಸೈರನ್ನಿನ ಪ್ರಯೋಗದಿಂದ ಇದನ್ನು ತೋರಿಸಿದಾಗ, ವಿದ್ಯುತ್ತಿನ ನಿಯಮದಿಂದ ಪ್ರಸಿದ್ಧನಾದ ಓಮನು ಇದನ್ನು ಒಪ್ಪಲಿಲ್ಲ. ಹೆಲ್ಮ್‌ಹೋಲ್ಟ್ಸನಂಥ ಮಹಾಪಂಡಿತನೂ ಓಮನ ಪಕ್ಷವನ್ನೇ ವಹಿಸಿದ್ದರಿಂದ, ಹಾಲೆಂಡಿನ ಸ್ಕೌಟೆನ್ ಮತ್ತೆ ಕೈಗೆತ್ತಿಕೊಳ್ಳುವವರೆಗೆ ಸುಮಾರು ನೂರು ವರ್ಷ ಸೀಬೆಕನ ಮಾತು ಮೂಲೆಗೆ ಬಿದ್ದಿತ್ತು. ‘ಅತಿ ಬೇಸ್’ ಎಂದು ಸಾರುವ ಪುಟ್ಟ ಉಪಕರಣಗಳಲ್ಲಿ ಕೆಲವು ಇಂದು ಮಂದ್ರವನ್ನು ಹೊರಡಿಸದೆ ಮೇಲುಸ್ವರಗಳನ್ನೇ ಬೆರೆಸಿ ಕಿವಿಯನ್ನು ನಂಬಿಸುತ್ತವೆ. ಹಣ ತೆರುವವರು ಇದನ್ನು ತಿಳಿದಿರಬೇಕು. ಎದೆಗೂಡಿಗೆ ಮಾತ್ರ ಇಂಥ ಊಹೆ ಸಾಧ್ಯವಿಲ್ಲ, ಅದಕ್ಕೆ ಬೇಕಾದದ್ದು ಗಾಳಿಯ ನಿಜವಾದ ಅಲುಗಾಟ. ಇಳಯರಾಜರು ಸಂಗೀತ ನೀಡಿದ, 1981ರ ಶಂಕರ್‌ನಾಗರ ‘ಗೀತಾ’ ಚಿತ್ರದ ಹಾಡುಗಳನ್ನು ಅಂಗೈಯಗಲದ ಟ್ರಾನ್ಸಿಸ್ಟರಿನಲ್ಲಿ ಕೇಳಿ ಅವುಗಳ ಬೇಸಿನ ನಡೆಯನ್ನು ಗುನುಗಿದವರ ಕಿವಿಯೂ ಇಲ್ಲದ ಮೂಲವನ್ನು ಊಹಿಸುವ ಕೆಲಸವನ್ನೇ ಮಾಡಿತ್ತು.

ಬೇಸ್ ವಾದಕರಲ್ಲಿ ಒಬ್ಬನ ಕೈ ಇನ್ನೊಬ್ಬನ ಕೈಯಂತೆ ಕೇಳದಿರುವುದಕ್ಕೂ ಈ ಮೇಲುಸ್ವರಗಳೇ ಬಹುಮಟ್ಟಿಗೆ ಕಾರಣ. ಮೋಟೌನ್ ಸಂಸ್ಥೆಯ ಜೇಮ್ಸ್ ಜೇಮರ್ಸನ್ ನುಣುಪಾಗಿ ಸುತ್ತಿದ ಹಳೆಯ ತಂತಿಗಳನ್ನು ಬದಲಿಸದೆ, ಒಂದೇ ತೋರುಬೆರಳಿನಿಂದ ಮೀಟಿ, ಮೇಲುಸ್ವರಗಳನ್ನು ಅಡಗಿಸಿ ದುಂಡಗಿನ ನಾದವನ್ನು ಪಡೆದನು. 1965ರ ‘ಮೈ ಜನರೇಷನ್’ ಹಾಡಿನಲ್ಲಿ ರಾಕ್ ಸಂಗೀತದ ಮೊದಮೊದಲ ಬೇಸ್ ತನಿಯನ್ನು ನುಡಿಸಿದ ಜಾನ್ ಎಂಟ್‌ವಿಸಲ್‌ನಿಗೆ ಬೇಕಾದದ್ದು ಇದಕ್ಕೆ ತೀರ ವಿರುದ್ಧವಾದ ತೀಕ್ಷ್ಣತೆ. ಆ ತೀಕ್ಷ್ಣತೆಯನ್ನು ಕೊಡುವ ದುಂಡು ಸುತ್ತಿನ ತಂತಿಗಳು ರೂಪುಗೊಳ್ಳುವುದರಲ್ಲಿ ಅವನ ಕೈಯೂ ಇತ್ತು. ಲ್ಯಾರಿ ಗ್ರಹಾಮನ ಕಥೆ ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು: ತಾಯಿಯೊಡನೆ ನುಡಿಸುತ್ತಿದ್ದ ಚಿಕ್ಕ ಮೇಳದಲ್ಲಿ ಡ್ರಮ್ ನುಡಿಸುವವರಿಲ್ಲದಾಗ ಅವನು ಹೆಬ್ಬೆರಳಿನಿಂದ ತಂತಿಯನ್ನು ಗುದ್ದಿ, ಇನ್ನೊಂದು ಬೆರಳಿನಿಂದ ಸೆಳೆದು ಬಿಟ್ಟು, ತಾಳವಾದ್ಯದ ಕೆಲಸವನ್ನು ತಂತಿಯಿಂದಲೇ ಮಾಡಿಸಿದನು. ನಮ್ಮಲ್ಲಿ ಚರ್ಮವು ಕರಣೆಯಿಂದ ತಂತಿಯ ಗುಣವನ್ನು ಪಡೆದಿದ್ದರೆ ಅಲ್ಲಿ ತಂತಿಯು ಹೆಬ್ಬೆರಳಿನಿಂದ ಚರ್ಮದ ಗುಣವನ್ನು ಪಡೆಯಿತು.

1976ರಲ್ಲಿ ಜಾಕೋ ಪಾಸ್ಟೋರಿಯಸ್ ಇನ್ನೂ ಮುಂದೆ ಹೋದನು. ‘ಪೋರ್ಟ್ರೇಟ್ ಆಫ್ ಟ್ರೇಸಿ’ ಎಂಬ ತನಿಯಲ್ಲಿ ಅವನು ತಂತಿಯನ್ನು ಅದುಮದೆ, ಅರ್ಧ, ಮೂರನೆಯ ಒಂದು, ಕಾಲು ಇತ್ಯಾದಿ ತಾಣಗಳಲ್ಲಿ ಬೆರಳನ್ನು ಮುಟ್ಟಿಯೂ ಮುಟ್ಟದಂತೆ ಇರಿಸಿ, ಮೂಲವನ್ನು ತಡೆದು ಮೇಲುಸ್ವರಗಳನ್ನೇ ಗಂಟೆಗಳಂತೆ ಹೊರಡಿಸುತ್ತಾನೆ. ಅವನ ಬೇಸಿಗೆ ಮೆಟ್ಟಿಲುಗಳಿರಲಿಲ್ಲವಾದ ಕಾರಣ ಸ್ವರದಿಂದ ಸ್ವರಕ್ಕೆ ನಮ್ಮ ಗಮಕದಂತೆ ಜಾರಬಲ್ಲವನಾಗಿದ್ದನು. ತುಮಕೂರು ಸೀಮೆಯ ಜಾತ್ರೆಗಳಲ್ಲಿ ಉರುಮೆಯನ್ನು ಕೇಳಿದವರಿಗೆ ಈ ಜಾರುವಿಕೆ ಅಪರಿಚಿತವಲ್ಲ: ಒಂದು ಮುಖವನ್ನು ಬಡಿಯುತ್ತ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುವಾಗ, ಕೋಲು ಚರ್ಮಕ್ಕೆ ಕಚ್ಚಿ, ಜಾರಿ, ಮತ್ತೆ ಕಚ್ಚುವುದರಿಂದ, ಪಿಟೀಲಿನ ಕಮಾನು ತಂತಿಯನ್ನು ನುಡಿಸುವ ಕ್ರಮದಲ್ಲಿಯೇ, ಆ ಗಂಭೀರವಾದ ಮೊರೆತ ಹುಟ್ಟಿ, ಕೈಯ ಒತ್ತಡಕ್ಕೆ ತಕ್ಕಂತೆ ಏರಿ ಇಳಿಯುವುದು. ಪ್ರಶ್ನೆ ಕೇಳಿದ ವಿದ್ಯಾರ್ಥಿಯು ಇದನ್ನೂ ಒಮ್ಮೆ ಮೊಬೈಲಿನಲ್ಲಿ ಹಿಡಿದು, ಹತ್ತಿರ ನಿಂತು ಕೇಳಿದುದಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಹೋಲಿಸಿ ನೋಡಲಿ.