ಬೇಕನ್‌ಗೆ ಕ್ಯೂರಿಂಗ್ ಸಾಲ್ಟ್ ಬೇಕಾ, ಬೇಡ್ವಾ? ಒಬ್ಬ ಸಾವಯವ ಕೃಷಿಕನ ಲೆಕ್ಕ

ಹೋದ ವರ್ಷ ಮಳೆ ಶುರುವಾಗೋ ಮುಂಚೆ ಹತ್ತಿರದ ಹೋಂಸ್ಟೇ ಒಂದರಿಂದ ಫೋನ್ ಬಂತು. "ನೀವು ಸಾವಯವದವರಲ್ವಾ, ಕೆಮಿಕಲ್ ಇಲ್ಲದ ಬೇಕನ್ ಮಾಡ್ಕೊಡಿ. ವ್ಯಾಕ್ಯೂಮ್ ಪ್ಯಾಕ್ ಮಾಡಿದ್ರೆ ಬೆಂಗಳೂರಿಂದ ಬಂದವರು ಕಾರಲ್ಲಿ ಹಾಕ್ಕೊಂಡು ಹೋಗ್ತಾರೆ" ಅಂದ್ರು. ನನಗೂ ಖುಷಿಯಾಯ್ತು. ತರಕಾರಿ ತೋಟದ ಉಳಿಕೆ ತಿನ್ನೋಕೆ ಅಂತ ಐದಾರು ಹಂದಿ ಸಾಕಿದ್ದೀನಿ. ಪಂದಿ ಕರಿಗೆ ಕೇಳೋರು ಬಹಳ ಜನ, ಆದರೆ ಹೊಟ್ಟೆ ಭಾಗದ ಕೊಬ್ಬಿನ ತುಂಡಿಗೆ ಒಳ್ಳೆ ಬೆಲೆ ಬರೋದು ಬೇಕನ್ ಆದಾಗ ಮಾತ್ರ.

ಒಪ್ಪಿಕೊಂಡೆ. 4 ಕೆ.ಜಿ. ಹೊಟ್ಟೆ ಮಾಂಸಕ್ಕೆ ಬರೀ ಉಪ್ಪು, ಬೆಲ್ಲ, ಕಾಳುಮೆಣಸು ಸವರಿ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟೆ. ಮೂರನೇ ದಿನ ಗಾಳಿಮಳೆಗೆ ಕರೆಂಟ್ ಹೋಯ್ತು. ಮಲೆನಾಡಲ್ಲಿ ಇರೋರಿಗೆ ಇದನ್ನ ವಿವರಿಸಬೇಕಾಗಿಲ್ಲ. ಬಂದಿದ್ದು ಒಂದೂವರೆ ದಿನದ ಮೇಲೆ. ಚೀಲ ಬಿಚ್ಚಿ ಮೂಸಿದೆ, ಕೆಟ್ಟ ವಾಸನೆ ಇರಲಿಲ್ಲ. ಮನೆಯವಳಿಗೂ ಏನೂ ಅನ್ನಿಸಲಿಲ್ಲ. ಆದರೂ 4 ಕೆ.ಜಿ.ಯನ್ನೂ ನಾಯಿ ಕೆದಕದಷ್ಟು ಆಳಕ್ಕೆ, ಸುಣ್ಣ ಹಾಕಿ ಹೂತೆ. ಹೊಟ್ಟೆ ಉರಿಯಿತು. ಆದರೆ ವಾಸನೆ ಇಲ್ಲ ಅನ್ನೋದು ಇಲ್ಲಿ ಸಾಕ್ಷಿಯಲ್ಲ.

ಯಾಕೆ ಅಂತ ಹೇಳ್ತೀನಿ. ಕ್ಲಾಸ್ಟ್ರೀಡಿಯಂ ಬೊಟುಲಿನಂ ಅನ್ನೋ ಬ್ಯಾಕ್ಟೀರಿಯಾದ ಬೀಜಾಣು ನಮ್ಮ ಹೊಲದ ಮಣ್ಣಲ್ಲೇ ಇರುತ್ತೆ. ಕುದಿಯೋ ನೀರಿಗೂ ಆ ಬೀಜಾಣು ಸಾಯಲ್ಲ. ಗಾಳಿ ಇಲ್ಲದ, ತೇವ ಇರುವ, ಹುಳಿ ಇಲ್ಲದ ಜಾಗ ಮತ್ತು ಸ್ವಲ್ಪ ಬೆಚ್ಚಗಿನ ವಾತಾವರಣ ಸಿಕ್ಕರೆ ಅದು ಎದ್ದು ವಿಷ ಮಾಡುತ್ತೆ. ಆ ವಿಷಕ್ಕೆ ಬಣ್ಣ, ವಾಸನೆ ಇರಲೇಬೇಕು ಅಂತಿಲ್ಲ. ರೆಪ್ಪೆ ಜೋಲೋದು, ಎರಡೆರಡು ಕಾಣೋದು, ಮಾತು ತೊದಲೋದು, ನುಂಗೋಕಾಗದಿರೋದು ಇದರ ಲಕ್ಷಣಗಳು. ಕಂಡರೆ ಮನೆಮದ್ದು ಹುಡುಕದೆ ಆಸ್ಪತ್ರೆಗೆ ಓಡಬೇಕು.

ಈಗ ಬೇಕನ್ ನೋಡಿ. ದಪ್ಪ ತುಂಡು, ಒಳಗೆಲ್ಲ ತೇವ, ಮೇಲೆ ವ್ಯಾಕ್ಯೂಮ್ ಪ್ಯಾಕ್. ಉಪ್ಪು ತಡೆಯಲ್ವಾ ಅಂತ ಕೇಳಬಹುದು. ಮಾಂಸದೊಳಗಿನ ನೀರಲ್ಲಿ ಉಪ್ಪು ಸುಮಾರು 10% ಮುಟ್ಟಿದರೆ ಈ ಬ್ಯಾಕ್ಟೀರಿಯಾ ಬೆಳೆಯಲ್ಲ. ಅಷ್ಟು ಉಪ್ಪಿರೋ ಬೇಕನ್ ಬಾಯಿಗಿಡೋಕಾಗಲ್ಲ. ನಾವು ಹಾಕೋದು 2.5%. ಮಿಕ್ಕ ಕೆಲಸ ಮಾಡೋದು ನೈಟ್ರೈಟ್. ಅಂದರೆ "ಕೆಮಿಕಲ್ ಇಲ್ಲದ" ಮತ್ತು "ವ್ಯಾಕ್ಯೂಮ್ ಪ್ಯಾಕ್, ಕಾರಲ್ಲಿ ಬೆಂಗಳೂರಿಗೆ" ಅನ್ನೋ ಎರಡನ್ನೂ ಒಂದೇ ಬೇಕನ್‌ನಲ್ಲಿ ಕೊಡೋಕಾಗಲ್ಲ.

"ಹಂಗಾದ್ರೆ ಹಿಂದಿನೋರು ಹೇಗೆ ಇಡ್ತಿದ್ರು?" ಕೊಡಗಿನ ಹಳೇ ಮನೆಗಳಲ್ಲಿ ಒಲೆ ಮೇಲೆ ಹೊಗೆಗೆ ಒಣಗಿಸಿದ ಹಂದಿ ಮಾಂಸವನ್ನು ತಿಂದವರು ಈ ಪ್ರಶ್ನೆ ಕೇಳೇ ಕೇಳ್ತಾರೆ. ನಾನೂ ಪಕ್ಕದ ಮನೆ ಅಜ್ಜಿಗೆ ನನ್ನ ದಪ್ಪ ತುಂಡು ತೋರಿಸಿದ್ದೆ. "ಇಷ್ಟು ದಪ್ಪ ಕುಯ್ದರೆ ಇದು ಒಣಗೋದು ಯಾವಾಗ ಮಾರಾಯ?" ಅಂದ್ರು. ಉತ್ತರ ಅಲ್ಲೇ ಇದೆ. ಅವರು ತೆಳ್ಳಗೆ ಪಟ್ಟಿ ಕುಯ್ದು, ಉಪ್ಪು ಜೋರಾಗಿ ಹಾಕಿ, ಸುತ್ತ ಗಾಳಿಯಾಡೋ ಹಾಗೆ ನೇತುಹಾಕಿ ಕಟ್ಟಿಗೆ ಥರ ಒಣಗಿಸ್ತಿದ್ರು. ನೀರೇ ಇಲ್ಲದ ಕಡೆ ಬ್ಯಾಕ್ಟೀರಿಯಾ ಏನು ಮಾಡುತ್ತೆ? ಬೇಕನ್ ಹಾಗೆ ಒಣಗಿದ್ದಲ್ಲ.

ಇನ್ನು ಕೆಮಿಕಲ್ ವಿಷಯ. ನಾನು ತೋಟಗಾರಿಕೆ ಓದಿದವನು. ನೈಟ್ರೇಟ್ ಅಂದ ತಕ್ಷಣ ನನಗೆ ನೆನಪಾಗೋದು ಪಾಲಕ್, ಬೀಟ್‌ರೂಟ್. ಮಣ್ಣಲ್ಲಿ ಸಾರಜನಕ ಹೆಚ್ಚಿ, ಮೋಡ ಕವಿದಿದ್ದರೆ ಸೊಪ್ಪಲ್ಲಿ ನೈಟ್ರೇಟ್ ಶೇಖರವಾಗುತ್ತೆ. ಅದು ಯೂರಿಯಾದಿಂದ ಬಂದರೂ ಅಷ್ಟೇ, ಕೊಟ್ಟಿಗೆ ಗೊಬ್ಬರದಿಂದ ಬಂದರೂ ಅಷ್ಟೇ. ಅಮೆರಿಕದಲ್ಲಿ "ಅನ್‌ಕ್ಯೂರ್ಡ್" ಅಂತ ಲೇಬಲ್ ಹಾಕಿ ಮಾರುವ ಬೇಕನ್‌ಗೆ ಸೆಲರಿ ಪುಡಿ ಹಾಕ್ತಾರೆ. ಆ ಪುಡಿಯ ನೈಟ್ರೇಟ್ ಬ್ಯಾಕ್ಟೀರಿಯಾದಿಂದ ನೈಟ್ರೈಟ್ ಆಗುತ್ತೆ. ಅಣು ಅದೇ, ಬಂದ ದಾರಿ ಬೇರೆ. ಮನೇಲಿ ಬೀಟ್‌ರೂಟ್ ಪುಡಿ ಹಾಕಿ ನೋಡೋಣ ಅಂದ್ಕೊಂಡಿದ್ದರೆ ಬಿಡಿ. ಅದರಲ್ಲಿ ಎಷ್ಟಿದೆ ಅಂತ ಅಳೆಯೋಕೆ ನಿಮ್ಮತ್ರ ಏನೂ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಹಳೇ ಕಾಲದಲ್ಲಿ ಮಾಂಸಕ್ಕೆ ಪೆಟ್ಲುಪ್ಪು ಹಾಕ್ತಿದ್ರು, ಅದು ಪೊಟ್ಯಾಸಿಯಂ ನೈಟ್ರೇಟ್. ನಾವು ಡ್ರಿಪ್‌ನಲ್ಲಿ ಬಿಡೋ, ಮಾವಿಗೆ ಹೂ ಬರಿಸೋಕೆ ಸಿಂಪಡಿಸೋ 13-0-45 ಕೂಡ ಅದೇ. ಹಾಗಂತ ಗೊಬ್ಬರದ ಪ್ಯಾಕೆಟ್ ಅಡುಗೆಮನೆಗೆ ತರಬೇಡಿ. ಅದು ಆಹಾರದ ದರ್ಜೆಯದ್ದಲ್ಲ.

ಅಂಗಡಿಯಲ್ಲಿ ಕೇಳಬೇಕಾದ್ದು ಕ್ಯೂರಿಂಗ್ ಸಾಲ್ಟ್ ನಂ. 1, ಇದನ್ನೇ ಪ್ರೇಗ್ ಪೌಡರ್ ನಂ. 1 ಅಂತಾರೆ. ಇದರಲ್ಲಿ 6.25% ಸೋಡಿಯಂ ನೈಟ್ರೈಟ್, ಉಳಿದದ್ದು ಅಡುಗೆ ಉಪ್ಪು. ಊಟದ ಉಪ್ಪಿನ ಜೊತೆ ಬೆರೆತುಹೋಗಬಾರದು ಅಂತ ಗುಲಾಬಿ ಬಣ್ಣ ಹಾಕಿರ್ತಾರೆ. ಇದನ್ನ ಪಿಂಕ್ ಸಾಲ್ಟ್ ಅಂತ ಕರೆಯೋದ್ರಿಂದ ನಮ್ಮಲ್ಲಿ ಗೊಂದಲ ಜಾಸ್ತಿ. ಹಿಮಾಲಯನ್ ಪಿಂಕ್ ಸಾಲ್ಟ್ ಅಂದರೆ ಇಂದುಪ್ಪು, ಅದರಲ್ಲಿ ನೈಟ್ರೈಟ್ ಇಲ್ಲ. ಒಂದರ ಬದಲು ಇನ್ನೊಂದು ಹಾಕಿದರೆ ಎರಡೂ ಕಡೆ ಅಪಾಯ. ಶುದ್ಧ ಸೋಡಿಯಂ ನೈಟ್ರೈಟ್ ಕೆಲವೇ ಗ್ರಾಂ ಹೊಟ್ಟೆಗೆ ಹೋದರೂ ಜೀವಕ್ಕೆ ಕುತ್ತು. ಡಬ್ಬಿ ಮೇಲೆ ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದ ಕಡೆ, ಅಡುಗೆಮನೆ ಹೊರಗೇ ಇಡಿ.

ನಾನು ಹಾಕೋ ಅಳತೆ ಇಷ್ಟು: 1 ಕೆ.ಜಿ. ಮಾಂಸಕ್ಕೆ 22.5 ಗ್ರಾಂ ಉಪ್ಪು, 2.5 ಗ್ರಾಂ ಕ್ಯೂರಿಂಗ್ ಸಾಲ್ಟ್ ನಂ. 1, 10 ಗ್ರಾಂ ಬೆಲ್ಲದ ಪುಡಿ, ಕುಟ್ಟಿದ ಕಾಳುಮೆಣಸು. ಲೆಕ್ಕ ಹಾಕಿದರೆ ನೈಟ್ರೈಟ್ ಕೆ.ಜಿ.ಗೆ ಸುಮಾರು 156 ಮಿಲಿಗ್ರಾಂ ಆಯ್ತು. ಚಮಚದಲ್ಲಿ ಅಳೆಯಬೇಡಿ, 0.1 ಗ್ರಾಂ ತೋರಿಸೋ ಪುಟ್ಟ ತಕ್ಕಡಿ ಆನ್‌ಲೈನ್‌ನಲ್ಲಿ ಸಿಗುತ್ತೆ. ಎಲ್ಲಾ ಕಡೆ ಸವರಿ, ಜಿಪ್ ಚೀಲದಲ್ಲಿ ಹಾಕಿ, 4 ಡಿಗ್ರಿಯೊಳಗೆ 7 ದಿನ ಇಡಿ. ದಿನಾ ಒಮ್ಮೆ ಮಗುಚಿ. 4 ಸೆಂ.ಮೀ.ಗಿಂತ ದಪ್ಪ ಇದ್ದರೆ ಇನ್ನೆರಡು ಮೂರು ದಿನ ಬೇಕು. ಆಮೇಲೆ ತೊಳೆದು, ಒರೆಸಿ, ಒಂದು ರಾತ್ರಿ ಫ್ರಿಜ್‌ನಲ್ಲೇ ಮುಚ್ಚದೆ ಇಡಿ. ಮೇಲ್ಮೈ ಒಣಗಿದರೆ ಹೊಗೆ ಚೆನ್ನಾಗಿ ಹಿಡಿಯುತ್ತೆ. ನಾನು ಸೀಬೆ ಕೊಂಬೆ ಹಾಕ್ತೀನಿ. ಬೋರ್ಡೋ ದ್ರಾವಣ ಸಿಂಪಡಿಸಿದ ಕಾಫಿ, ಅಡಿಕೆ ತೋಟದ ಕಟ್ಟಿಗೆ ಬೇಡ. ಬಿಸಿ ಹೊಗೆಯಲ್ಲಿ ಮಾಂಸದ ನಡುವಿನ ಶಾಖ 70 ಡಿಗ್ರಿ ಮುಟ್ಟಲಿ, ಇದಕ್ಕೆ ಚುಚ್ಚಿ ನೋಡೋ ಥರ್ಮಾಮೀಟರ್ ಬೇಕೇ ಬೇಕು. ಹಂದಿ ಮಾಂಸದ ಲಾಡಿಹುಳುವನ್ನು ಇಷ್ಟು ಉಪ್ಪು ಕೊಲ್ಲುತ್ತೆ ಅಂತ ನಂಬಬೇಡಿ, ಕೊಲ್ಲೋದು ಶಾಖ.

ಕ್ಯೂರಿಂಗ್ ಸಾಲ್ಟ್ ಬೇಡವೇ ಬೇಡ ಅನ್ನೋರು ಬರೀ 25 ಗ್ರಾಂ ಉಪ್ಪಲ್ಲಿ ಮಾಡಬಹುದು. ಆದರೆ ಅದನ್ನ ಉಪ್ಪು ಹಾಕಿದ ಹಸಿ ಮಾಂಸ ಅಂತಲೇ ತಿಳ್ಕೊಳ್ಳಿ. ಎರಡು ಮೂರು ದಿನ ಫ್ರಿಜ್, ಆಮೇಲೆ ನೇರ ಬಿಸಿ ಓವನ್, ಮೂರು ನಾಲ್ಕು ದಿನದಲ್ಲಿ ತಿಂದು ಮುಗಿಸಿ, ಇಲ್ಲಾ ಫ್ರೀಜರ್‌ಗೆ ಹಾಕಿ. ತಣ್ಣನೆ ಹೊಗೆಗೆ ದಿನಗಟ್ಟಲೆ ನೇತುಹಾಕೋದು ಬೇಡ, ವ್ಯಾಕ್ಯೂಮ್ ಪ್ಯಾಕ್ ಮಾಡಿ ಫ್ರಿಜ್‌ನಲ್ಲಿಡೋದೂ ಬೇಡ. ಬಣ್ಣ ಬೂದು ಬರುತ್ತೆ. ರುಚಿ ಚೆನ್ನಾಗೇ ಇರುತ್ತೆ, ಆದರೆ ಬೇಕನ್‌ದಲ್ಲ, ಉಪ್ಪು ಹಾಕಿ ಹುರಿದ ಪೋರ್ಕ್‌ದು. ಬಾಗಿಲು ತೆಗೆಯದಿದ್ದರೆ ಕರೆಂಟ್ ಹೋದ ಫ್ರಿಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತೆ, ಅದಕ್ಕಿಂತ ಹೆಚ್ಚಾದರೆ ನನ್ನ ಹಾಗೆ ಗುಂಡಿ ತೋಡಿ. ಕ್ಯೂರಿಂಗ್ ಸಾಲ್ಟ್ ಹಾಕಿದ್ದೀವಲ್ಲ ಅಂತ ಹೊರಗಿಡೋದೂ ತಪ್ಪೇ.

ನೈಟ್ರೈಟ್ ಪೂರ್ತಿ ನಿರಪರಾಧಿ ಅಂತ ನಾನು ಹೇಳ್ತಿಲ್ಲ. ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿದೆ. ಜೋರು ಉರಿಯಲ್ಲಿ ಕರಿಗಾಗೋವರೆಗೆ ಹುರಿದರೆ ನೈಟ್ರೋಸಮೈನ್ ಹೆಚ್ಚುತ್ತೆ, ಹಾಗಾಗಿ ಸಣ್ಣ ಉರಿಯೇ ಒಳ್ಳೇದು. ನಮ್ಮ ಮನೇಲಿ ಬೇಕನ್ ತಿಂಗಳಿಗೊಂದು ಸಲ, ಅಷ್ಟೇ.

ಹಂದಿ ಸಾಕೋರಿಗೆ ಇನ್ನೊಂದು ಮಾತು. ಕುಯ್ದು ಉಳಿದ ಚೂರು, ಮಾಂಸ ತೊಳೆದ ನೀರು ಹಂದಿಗೆ ಹಾಕಬೇಡಿ. ಆಫ್ರಿಕನ್ ಹಂದಿ ಜ್ವರದ ವೈರಸ್ ಉಪ್ಪು ಹಾಕಿದ ಮಾಂಸದಲ್ಲೂ ತಿಂಗಳುಗಟ್ಟಲೆ ಬದುಕಿರಬಲ್ಲದು, ಅದಕ್ಕೆ ಔಷಧಿ ಇಲ್ಲ. ಮಾರೋದಾದರೆ ಮೊದಲು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯನ್ನು ಕಂಡು ಎಫ್‌ಎಸ್‌ಎಸ್‌ಎಐ ಪರವಾನಗಿ, ನೈಟ್ರೈಟ್ ಮಿತಿ, ಲೇಬಲ್ ಎಲ್ಲಾ ಕೇಳ್ಕೊಳ್ಳಿ.

ಹೋಂಸ್ಟೇಯವರಿಗೆ ಇದನ್ನೆಲ್ಲ ಫೋನಲ್ಲೇ ಹೇಳಿದೆ. ಮೊದಲು ಮುಖ ಗಂಟು ಹಾಕಿದ ದನಿಯಲ್ಲೇ ಮಾತಾಡಿದ್ರು. ಈಗ ಅವರ ಅಡುಗೆಮನೆಗೆ ಉಪ್ಪಿನ ತುಂಡು, ಫ್ರೀಜರ್‌ನಿಂದ ನೇರ ಐಸ್ ಪೆಟ್ಟಿಗೆಯಲ್ಲಿ ಹೋಗುತ್ತೆ, ಅಲ್ಲೇ ಬೇಯಿಸಿ ಅಲ್ಲೇ ಬಡಿಸ್ತಾರೆ. ಕಾರಲ್ಲಿ ಬೆಂಗಳೂರಿಗೆ ಅಂತ ಪ್ಯಾಕ್ ಮಾಡಿ ಕೊಡಲ್ಲ. ಜುಲೈ, ಆಗಸ್ಟ್‌ನಲ್ಲಿ ಆರ್ಡರೇ ತಗೊಳ್ಳಲ್ಲ.