ಸ್ಟೀಫನ್ ಲೀಕಾಕ್

ಸ್ಟೀಫನ್ ಬಟ್ಲರ್ ಲೀಕಾಕ್ (30 ಡಿಸೆಂಬರ್ 1869 – 28 ಮಾರ್ಚ್ 1944) ಕೆನಡಾದ ಅರ್ಥಶಾಸ್ತ್ರ ಪ್ರಾಧ್ಯಾಪಕರು, ರಾಜ್ಯಶಾಸ್ತ್ರದ ಗ್ರಂಥಕರ್ತರು ಹಾಗೂ ಇಂಗ್ಲಿಷಿನ ಹಾಸ್ಯ ಸಾಹಿತಿ. ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಬೋಧಿಸಿದ ಇವರು, 1915ರಿಂದ ಸುಮಾರು ಹತ್ತು ವರ್ಷಗಳ ಕಾಲ ಇಂಗ್ಲಿಷ್ ಓದುವ ಜಗತ್ತಿನಲ್ಲಿ ಅತ್ಯಂತ ಜನಪ್ರಿಯ ಹಾಸ್ಯಲೇಖಕರೆನಿಸಿದ್ದರು. ಕೆನಡಾ ದೇಶದ ಹೆಸರು ಕೇಳಿದವರಿಗಿಂತ ಲೀಕಾಕರ ಹೆಸರು ಕೇಳಿದವರೇ ಹೆಚ್ಚು ಎಂಬ ಮಾತು ಆಗ ಪ್ರಚಲಿತವಾಗಿತ್ತು.

ಬಾಲ್ಯ ಮತ್ತು ಶಿಕ್ಷಣ

ಲೀಕಾಕರು ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತ್ಯದ ಸ್ವಾನ್‌ಮೋರ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ವಾಲ್ಟರ್ ಪೀಟರ್ ಲೀಕಾಕ್, ತಾಯಿ ಆಗ್ನೆಸ್ ಎಮ್ಮಾ ಬಟ್ಲರ್. ಹನ್ನೊಂದು ಮಕ್ಕಳಲ್ಲಿ ಇವರು ಮೂರನೆಯವರು. 1876ರಲ್ಲಿ ಕುಟುಂಬವು ಕೆನಡಾಕ್ಕೆ ವಲಸೆ ಹೋಗಿ ಆಂಟೇರಿಯೊ ಪ್ರಾಂತ್ಯದ ಸಿಮ್ಕೊ ಸರೋವರದ ಬಳಿ ನೂರು ಎಕರೆ ಜಮೀನಿನಲ್ಲಿ ಬೇಸಾಯಕ್ಕೆ ತೊಡಗಿತು. ಬೇಸಾಯ ಕೈಹಿಡಿಯಲಿಲ್ಲ. ಮದ್ಯವ್ಯಸನಿಯಾಗಿದ್ದ ತಂದೆ 1887ರಲ್ಲಿ ಸಂಸಾರವನ್ನು ತೊರೆದು ಹೋದರು. ಮಕ್ಕಳ ಪಾಲನೆಯ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು.

ಟೊರಾಂಟೊದ ಅಪ್ಪರ್ ಕೆನಡಾ ಕಾಲೇಜ್ ಎಂಬ ಶಾಲೆಯಲ್ಲಿ ಓದಿ ಮುಖ್ಯ ವಿದ್ಯಾರ್ಥಿಯಾಗಿ ಹೊರಬಂದ ಲೀಕಾಕರು 1887ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯವನ್ನು ಸೇರಿದರು. ಹಣದ ಅಡಚಣೆಯಿಂದ ಒಂದೇ ವರ್ಷದಲ್ಲಿ ಓದನ್ನು ನಿಲ್ಲಿಸಿ ಶಿಕ್ಷಕ ತರಬೇತಿ ಪಡೆಯಬೇಕಾಯಿತು. ಮುಂದೆ ತಾವು ಕಲಿತ ಶಾಲೆಯಲ್ಲಿಯೇ 1889ರಿಂದ 1899ರವರೆಗೆ ಅಧ್ಯಾಪಕರಾಗಿದ್ದರು. ದುಡಿಯುತ್ತಲೇ ಓದು ಮುಂದುವರಿಸಿ 1891ರಲ್ಲಿ ಬಿ.ಎ. ಪದವಿ ಪಡೆದರು. ಪದವಿಯ ವಿಷಯ ಅರ್ಥಶಾಸ್ತ್ರವಾಗಿರಲಿಲ್ಲ, ಆಧುನಿಕ ಭಾಷೆಗಳಾಗಿದ್ದವು.

ಅರ್ಥಶಾಸ್ತ್ರದತ್ತ ಇವರನ್ನು ಸೆಳೆದವರಲ್ಲಿ ಅಮೆರಿಕದ ಥಾರ್ಸ್ಟೀನ್ ವೆಬ್ಲೆನ್ ಪ್ರಮುಖರು. ಸಿರಿವಂತರು ಅಗತ್ಯಕ್ಕಾಗಿ ಮಾತ್ರವಲ್ಲದೆ ಪ್ರದರ್ಶನಕ್ಕಾಗಿಯೂ ವೆಚ್ಚ ಮಾಡುತ್ತಾರೆ ಎಂದು ವಾದಿಸುವ ವೆಬ್ಲೆನ್ನರ 'ದಿ ಥಿಯರಿ ಆಫ್ ದಿ ಲೀಷರ್ ಕ್ಲಾಸ್' 1899ರಲ್ಲಿ ಪ್ರಕಟವಾಯಿತು. ಅದೇ ವರ್ಷ ಲೀಕಾಕರು ಶಾಲೆಯ ಕೆಲಸವನ್ನು ಬಿಟ್ಟು, ವೆಬ್ಲೆನ್ ಬೋಧಿಸುತ್ತಿದ್ದ ಷಿಕಾಗೊ ವಿಶ್ವವಿದ್ಯಾಲಯಕ್ಕೆ ತೆರಳಿದರು. 1900ರಲ್ಲಿ ಬಿಯಾಟ್ರಿಕ್ಸ್ ಹ್ಯಾಮಿಲ್ಟನ್ ಅವರೊಡನೆ ವಿವಾಹವಾಯಿತು. ಆರ್ಥಿಕ ವ್ಯವಹಾರದಲ್ಲಿ ಸರ್ಕಾರ ಕೈಹಾಕಬಾರದೆಂಬ ಸಿದ್ಧಾಂತವನ್ನು ಕುರಿತು ಬರೆದ ಪ್ರಬಂಧಕ್ಕೆ 1903ರಲ್ಲಿ ಪಿಎಚ್.ಡಿ. ಪದವಿ ದೊರೆಯಿತು.

ಪ್ರಾಧ್ಯಾಪಕ ವೃತ್ತಿ

ಸಂಶೋಧನೆ ಮುಗಿಯುವ ಮೊದಲೇ ಮೆಕ್‌ಗಿಲ್‌ನಲ್ಲಿ ಉಪನ್ಯಾಸ ನೀಡಲಾರಂಭಿಸಿದ್ದ ಲೀಕಾಕರು 1908ರಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1936ರಲ್ಲಿ ನಿವೃತ್ತರಾಗುವವರೆಗೂ ಅದೇ ಸ್ಥಾನದಲ್ಲಿದ್ದರು. 1906ರಲ್ಲಿ ಪ್ರಕಟವಾದ 'ಎಲಿಮೆಂಟ್ಸ್ ಆಫ್ ಪೊಲಿಟಿಕಲ್ ಸೈನ್ಸ್' ಇವರ ಮೊದಲ ಗ್ರಂಥ. ಈ ಪಠ್ಯಪುಸ್ತಕವು ಹಲವು ದೇಶಗಳ ಕಾಲೇಜುಗಳಲ್ಲಿ ಬಳಕೆಯಾಗಿ, ಅನೇಕ ಭಾಷೆಗಳಿಗೆ ಅನುವಾದಗೊಂಡಿತು. 1907–08ರಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಸಂಚರಿಸಿ ಬ್ರಿಟಿಷ್ ಸಾಮ್ರಾಜ್ಯದ ಐಕ್ಯವನ್ನು ಸಮರ್ಥಿಸಿ ಭಾಷಣ ಮಾಡಿದರು. 1911ರ ಕೆನಡಾ ಚುನಾವಣೆಯಲ್ಲಿ ಅಮೆರಿಕದೊಡನೆ ಸುಂಕ ವಿನಾಯಿತಿಯ ಒಪ್ಪಂದವನ್ನು ವಿರೋಧಿಸಿ ಕನ್ಸರ್ವೇಟಿವ್ ಪಕ್ಷದ ಪರವಾಗಿ ಪ್ರಚಾರ ನಡೆಸಿದರು.

ಆರ್ಥಿಕ ವಿಚಾರಗಳು

1920ರಲ್ಲಿ ಬಂದ 'ದಿ ಅನ್‌ಸಾಲ್ವ್ಡ್ ರಿಡಲ್ ಆಫ್ ಸೋಷಿಯಲ್ ಜಸ್ಟಿಸ್' (ಸಾಮಾಜಿಕ ನ್ಯಾಯದ ಬಿಡಿಸದ ಒಗಟು) ಲೀಕಾಕರ ಆರ್ಥಿಕ ಚಿಂತನೆಯ ಮುಖ್ಯ ಕೃತಿ. ಯಂತ್ರಗಳಿಂದ ಉತ್ಪಾದನೆ ಹಲವು ಪಟ್ಟು ಹೆಚ್ಚಿದರೂ ಬಡತನ ಏಕೆ ನೀಗಲಿಲ್ಲ ಎಂಬುದೇ ಇವರು ಹೇಳುವ ಒಗಟು. ಪ್ರತಿಯೊಬ್ಬನಿಗೂ ಅವನ ದುಡಿಮೆಗೆ ತಕ್ಕ ಪ್ರತಿಫಲ ಮಾರುಕಟ್ಟೆಯಿಂದಲೇ ದೊರೆಯುತ್ತದೆ ಎಂಬ ಹಳೆಯ ನಂಬಿಕೆಯನ್ನು ಇವರು ಒಪ್ಪಲಿಲ್ಲ. ಬೆಲೆಯನ್ನೂ ಕೂಲಿಯನ್ನೂ ನಿರ್ಧರಿಸುವುದು ಚೌಕಾಸಿಯಲ್ಲಿ ಯಾರ ಕೈ ಮೇಲಾಗಿದೆ ಎಂಬುದೇ ಹೊರತು ನ್ಯಾಯವಲ್ಲ ಎಂದರು. ಆದರೆ ಸಮಾಜವಾದವೂ ಇವರಿಗೆ ಸಮ್ಮತವಾಗಿರಲಿಲ್ಲ. ಮನುಷ್ಯರೆಲ್ಲ ದೇವತೆಗಳಾಗಿದ್ದರೆ ಮಾತ್ರ ಅದು ನಡೆದೀತು ಎಂಬುದು ಇವರ ಆಕ್ಷೇಪದ ಸಾರ. ದುಡಿಯಬಲ್ಲವರಿಗೆ ಕೆಲಸ, ಅಶಕ್ತರಿಗೂ ವೃದ್ಧರಿಗೂ ಆಸರೆ, ಮಕ್ಕಳೆಲ್ಲರಿಗೂ ಶಿಕ್ಷಣ ಒದಗಿಸುವುದು ಸರ್ಕಾರದ ಹೊಣೆ ಎಂಬ ಮಧ್ಯಮ ಮಾರ್ಗವನ್ನು ಸೂಚಿಸಿದರು.

ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಕುಸಿತವನ್ನು ಆರು ದಿನಗಳಲ್ಲಿ ತಗ್ಗಿಸುವ, ಆರು ತಿಂಗಳಲ್ಲಿ ತೊಲಗಿಸುವ, ಆರು ವರ್ಷಗಳಲ್ಲಿ ಬೇರುಸಹಿತ ಕೀಳುವ ಯೋಜನೆ ಎಂಬುದು ಅದರ ಶೀರ್ಷಿಕೆಯ ತಾತ್ಪರ್ಯ. ಹಾಸ್ಯದ ಧಾಟಿಯ ಹೆಸರನ್ನು ಹೊತ್ತಿದ್ದರೂ ಆ ಹೊತ್ತಗೆ ಗಂಭೀರ ಉದ್ದೇಶದ್ದೇ ಆಗಿತ್ತು. ಲೀಕಾಕರ ಜೀವನದ ಮುಖ್ಯ ತೊಡಕೂ ಇದೇ: ನಗಿಸಿ ಪ್ರಸಿದ್ಧರಾದವರು ಗಂಭೀರವಾಗಿ ಮಾತನಾಡಿದಾಗಲೂ ಓದುಗರು ನಗುವನ್ನೇ ನಿರೀಕ್ಷಿಸುತ್ತಿದ್ದರು. ಇಂದು ಇವರ ಅರ್ಥಶಾಸ್ತ್ರ ಗ್ರಂಥಗಳಿಗಿಂತ ಹಾಸ್ಯಕೃತಿಗಳಿಗೇ ಹೆಚ್ಚು ಓದುಗರಿದ್ದಾರೆ.

ಹಾಸ್ಯ ಸಾಹಿತ್ಯ

ಶಾಲಾ ಅಧ್ಯಾಪಕರಾಗಿದ್ದಾಗಲೇ ಲೀಕಾಕರು ಪತ್ರಿಕೆಗಳಿಗೆ ಹಾಸ್ಯಬರಹಗಳನ್ನು ಕಳುಹಿಸುತ್ತಿದ್ದರು. ಅವುಗಳನ್ನು ಒಟ್ಟುಗೂಡಿಸಿ 1910ರಲ್ಲಿ 'ಲಿಟರರಿ ಲ್ಯಾಪ್ಸಸ್' ಎಂಬ ಸಂಕಲನವನ್ನು ಸ್ವಂತ ಖರ್ಚಿನಲ್ಲಿ ಮುದ್ರಿಸಿದರು. ಪ್ರತಿಗಳು ಬೇಗನೆ ಮಾರಾಟವಾಗಿ, ಲಂಡನ್ನಿನ ಪ್ರಕಾಶಕ ಜಾನ್ ಲೇನ್ ಬ್ರಿಟಿಷ್ ಆವೃತ್ತಿಯನ್ನು ಹೊರತಂದರು. ಇದರಲ್ಲಿನ 'ಮೈ ಫೈನಾನ್ಷಿಯಲ್ ಕೆರಿಯರ್' ಬಹಳ ಪ್ರಸಿದ್ಧವಾದ ಬರಹ. 56 ಡಾಲರ್ ಹಿಡಿದು ಖಾತೆ ತೆರೆಯಲು ಬ್ಯಾಂಕಿಗೆ ಹೋದ ಸಾಮಾನ್ಯನೊಬ್ಬ ಗಾಬರಿಗೊಂಡು, ಆರು ಡಾಲರ್ ಹಿಂಪಡೆಯುವ ಬದಲು ಪೂರ್ತಿ 56 ಡಾಲರಿಗೂ ಚೆಕ್ಕು ಬರೆದುಬಿಡುತ್ತಾನೆ. ತಪ್ಪನ್ನು ಒಪ್ಪಿಕೊಳ್ಳಲು ನಾಚಿ ಇಟ್ಟ ಹಣವನ್ನೆಲ್ಲ ಮರಳಿ ಪಡೆದು ಹೊರಬೀಳುವ ಅವನು, ಅಂದಿನಿಂದ ತನ್ನ ಉಳಿತಾಯವನ್ನು ಕಾಲುಚೀಲದಲ್ಲಿ ಇಟ್ಟುಕೊಳ್ಳುತ್ತಾನೆ. ಹಣದ ಸಂಸ್ಥೆಗಳ ಮುಂದೆ ಸಾಮಾನ್ಯರಿಗಾಗುವ ಅಳುಕನ್ನು ಅರ್ಥಶಾಸ್ತ್ರದ ಪ್ರಾಧ್ಯಾಪಕರೇ ಚಿತ್ರಿಸಿದ್ದು ಈ ಬರಹದ ವೈಶಿಷ್ಟ್ಯ.

1912ರ 'ಸನ್‌ಷೈನ್ ಸ್ಕೆಚಸ್ ಆಫ್ ಎ ಲಿಟಲ್ ಟೌನ್' ಮಾರಿಪೋಸಾ ಎಂಬ ಕಲ್ಪಿತ ಸಣ್ಣ ಊರಿನ ಕಥನ. ಲೀಕಾಕರು ಬೇಸಿಗೆಯನ್ನು ಕಳೆಯುತ್ತಿದ್ದ ಒರಿಲಿಯಾ ಪಟ್ಟಣವೇ ಇದರ ಮಾದರಿ. ಗಣಿ ಷೇರುಗಳಲ್ಲಿ ದಿಢೀರನೆ ಹಣ ಮಾಡಿ, ಬಳಿಕ ಕ್ಯೂಬಾದ ಜಮೀನಿನ ಹೆಸರಿನಲ್ಲಿ ನಡೆದ ವಂಚನೆಗೆ ಸಿಕ್ಕಿ ಎಲ್ಲವನ್ನೂ ಕಳೆದುಕೊಳ್ಳುವ ಕ್ಷೌರಿಕ, ಸಾಲದಲ್ಲಿ ಮುಳುಗಿ ಕೊನೆಗೆ ಬೆಂಕಿ ಬಿದ್ದು ವಿಮೆಯ ಹಣದಿಂದ ಪಾರಾಗುವ ಚರ್ಚು ಮೊದಲಾದ ಪ್ರಸಂಗಗಳಲ್ಲಿ ಆರ್ಥಿಕ ಸಂಗತಿಗಳು ಕಥೆಯಾಗಿವೆ. ಇಲ್ಲಿಯ ನಗು ಮೃದುವಾದದ್ದು. 1914ರ 'ಆರ್ಕೇಡಿಯನ್ ಅಡ್ವೆಂಚರ್ಸ್ ವಿತ್ ದಿ ಐಡ್ಲ್ ರಿಚ್' ದೊಡ್ಡ ನಗರದ ಸಿರಿವಂತರನ್ನು ಕುರಿತದ್ದು. ಇದರ ವ್ಯಂಗ್ಯ ಹರಿತವಾದದ್ದು. ಪರಸ್ಪರ ಪೈಪೋಟಿಯಲ್ಲಿದ್ದ ಎರಡು ಚರ್ಚುಗಳು ವ್ಯಾಪಾರಿ ಕಂಪನಿಗಳಂತೆ ವಿಲೀನಗೊಳ್ಳುವ ಪ್ರಸಂಗ ಇದರಲ್ಲಿದೆ. ವೆಬ್ಲೆನ್ನರ ವಿಚಾರಗಳ ಪ್ರಭಾವವನ್ನು ವಿಮರ್ಶಕರು ಈ ಕೃತಿಯಲ್ಲಿ ಗುರುತಿಸಿದ್ದಾರೆ.

ಅಮೆರಿಕದ ಹಾಸ್ಯಲೇಖಕ ರಾಬರ್ಟ್ ಬೆಂಚ್ಲಿ, ನಟ ಗ್ರೌಚೊ ಮಾರ್ಕ್ಸ್ ಮೊದಲಾದವರು ಲೀಕಾಕರ ಅಭಿಮಾನಿಗಳಾಗಿದ್ದರು. ಹಾಸ್ಯದ ಸ್ವರೂಪವನ್ನು ಕುರಿತೂ ಲೀಕಾಕರು ಗ್ರಂಥ ರಚಿಸಿದ್ದಾರೆ. ಉತ್ತಮ ಹಾಸ್ಯವು ಪರರನ್ನು ನೋಯಿಸುವುದಿಲ್ಲ, ಬದುಕಿನ ಅಸಂಗತಿಗಳನ್ನು ಕರುಣೆಯಿಂದ ನೋಡುತ್ತದೆ ಎಂಬುದು ಇವರ ನಿಲುವು.

ಟೀಕೆಗಳು

ಲೀಕಾಕರ ಕರುಣೆ ಎಲ್ಲರನ್ನೂ ಒಳಗೊಂಡಿರಲಿಲ್ಲ. ಮಹಿಳೆಯರ ಮತದಾನದ ಹಕ್ಕನ್ನು ಇವರು ವಿರೋಧಿಸಿದರು; ಸ್ತ್ರೀಪುರುಷರ ಸಹಶಿಕ್ಷಣವನ್ನೂ ಒಪ್ಪಲಿಲ್ಲ. ಬ್ರಿಟಿಷ್ ಮೂಲದವರಲ್ಲದವರ ವಲಸೆಯ ಬಗ್ಗೆ ಜನಾಂಗೀಯ ಪೂರ್ವಗ್ರಹದಿಂದ ಕೂಡಿದ ಮಾತುಗಳನ್ನು ಬರೆದರು. ದುರ್ಬಲರಿಗೆ ಆಸರೆ ನೀಡಬೇಕೆಂದು ವಾದಿಸಿದ ಚಿಂತಕರಲ್ಲಿಯೇ ಈ ಸಂಕುಚಿತತೆಯೂ ಇದ್ದುದನ್ನು ಇತ್ತೀಚಿನ ಅಧ್ಯಯನಗಳು ಚರ್ಚಿಸುತ್ತವೆ.

ಕೊನೆಯ ವರ್ಷಗಳು

ಪತ್ನಿ ಬಿಯಾಟ್ರಿಕ್ಸ್ 1925ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ಆಗ ಏಕೈಕ ಪುತ್ರನಿಗೆ ಹತ್ತು ವರ್ಷ. ಆ ಬಳಿಕ ಲೀಕಾಕರು ಕ್ಯಾನ್ಸರ್ ಸಂಶೋಧನೆಗೆ ಬೆಂಬಲ ಗಳಿಸಲು ಶ್ರಮಿಸಿದರು. 1936ರಲ್ಲಿ ವಯೋಮಿತಿಯ ನಿಯಮದಂತೆ ವಿಶ್ವವಿದ್ಯಾಲಯವು ಇವರನ್ನು ನಿವೃತ್ತಿಗೊಳಿಸಿತು. ಈ ನಿರ್ಧಾರ ಇವರಿಗೆ ಹಿಡಿಸಲಿಲ್ಲ; ಅಸಮಾಧಾನವನ್ನು ಮುಚ್ಚಿಡಲೂ ಇಲ್ಲ. ಅನಂತರ ಪಶ್ಚಿಮ ಕೆನಡಾದಲ್ಲಿ ಉಪನ್ಯಾಸ ಪ್ರವಾಸ ಕೈಗೊಂಡರು. ಆ ಅನುಭವದಿಂದ ಮೂಡಿದ 'ಮೈ ಡಿಸ್ಕವರಿ ಆಫ್ ದಿ ವೆಸ್ಟ್' ಕೃತಿಗೆ 1937ರ ಗವರ್ನರ್ ಜನರಲ್ ಪ್ರಶಸ್ತಿ ಲಭಿಸಿತು. ಗಂಟಲಿನ ಕ್ಯಾನ್ಸರಿನಿಂದ ಬಳಲಿ 1944ರ ಮಾರ್ಚ್ 28ರಂದು ಟೊರಾಂಟೊದಲ್ಲಿ ನಿಧನರಾದರು. ಅಪೂರ್ಣವಾಗಿದ್ದ ಆತ್ಮಕಥೆ 1946ರಲ್ಲಿ ಪ್ರಕಟವಾಯಿತು.

ಕನ್ನಡದಲ್ಲಿ ಹೋಲಿಕೆ

ತರಗತಿಯ ಪಾಠ ಮತ್ತು ಹಾಸ್ಯ ಬರವಣಿಗೆ ಎರಡನ್ನೂ ನಡೆಸಿದವರು ಕನ್ನಡದಲ್ಲಿಯೂ ಇದ್ದಾರೆ. ಹಾಸ್ಯ ಲೇಖಕಿ ಭುವನೇಶ್ವರಿ ಹೆಗಡೆಯವರು ಮಂಗಳೂರಿನಲ್ಲಿ ಅರ್ಥಶಾಸ್ತ್ರವನ್ನೇ ಬೋಧಿಸಿದವರು. 'ಅನರ್ಥಕೋಶ'ದ ಕರ್ತೃ ನಾ. ಕಸ್ತೂರಿಯವರು ಇತಿಹಾಸದ ಅಧ್ಯಾಪಕರಾಗಿದ್ದರು.

ಸ್ಮರಣೆ

ಲೀಕಾಕರ ಹೆಸರಿನಲ್ಲಿ 1947ರಿಂದ ಕೆನಡಾದ ಉತ್ತಮ ಹಾಸ್ಯಕೃತಿಗೆ ಪದಕ ನೀಡಲಾಗುತ್ತಿದೆ. ಒರಿಲಿಯಾದಲ್ಲಿನ ಇವರ ಮನೆ ಈಗ ವಸ್ತುಸಂಗ್ರಹಾಲಯವಾಗಿದ್ದು, ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿತವಾಗಿದೆ. ಇವರ ಜನ್ಮಶತಮಾನೋತ್ಸವದ ವರ್ಷವಾದ 1969ರಲ್ಲಿ ಕೆನಡಾದ ಅಂಚೆ ಇಲಾಖೆ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು. ಮೆಕ್‌ಗಿಲ್ ವಿಶ್ವವಿದ್ಯಾಲಯದ ಒಂದು ದೊಡ್ಡ ಕಟ್ಟಡಕ್ಕೂ ಇವರ ಹೆಸರನ್ನೇ ಇಡಲಾಗಿದೆ.