ಅಜ್ಜಿಯ ದನಿ ಏರಿಸುವಾಗ



ಬಾವಲಿ, ತೋಲ್ಪೆಟ್ಟಿ, ಪುಲ್ಪಳ್ಳಿ ಕಡೆಯ ಮಕ್ಕಳು ಈಗ ಮೊಬೈಲಿನಲ್ಲಿ ಅಜ್ಜ ಅಜ್ಜಿಯರ ಕತೆ, ಹಾಡುಗಳನ್ನು ವಿಡಿಯೋ ಮಾಡಿ ಇಟ್ಟುಕೊಳ್ಳುತ್ತಿದ್ದಾರೆ. ಒಳ್ಳೆಯ ಕೆಲಸ. ಆದರೆ ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಚಿತ್ರ ಕಣ್ಣಿಗೆ ಕಟ್ಟುವಂತಿರುತ್ತದೆ, ದನಿ ಮಾತ್ರ ಬಾವಿಯ ತಳದಿಂದ ಬಂದ ಹಾಗಿರುತ್ತದೆ. ಸರಿ, ಎಡಿಟಿಂಗಿನಲ್ಲಿ ವಾಲ್ಯೂಮ್ ಏರಿಸುತ್ತಾರೆ. ಅಜ್ಜಿಯ ಜೊತೆಗೆ ತಗಡಿನ ಮೇಲೆ ಬಿದ್ದ ಮಳೆಯೂ, ಹಿಂದಿನ ಕೋಳಿಯೂ ಏರಿಕೊಂಡು ಬರುತ್ತವೆ. ಇದು ಯಾಕೆ ಹೀಗೆ, ದನಿ ಏರಿಸುವುದಕ್ಕೆ ಸರಿಯಾದ ದಾರಿ ಯಾವುದು ಎಂಬುದೇ ಇವತ್ತಿನ ಮಾತು.

ದನಿಯ ಮಟ್ಟವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಕಂಪ್ಯೂಟರಿನ ಲೆಕ್ಕದಲ್ಲಿ ಸೊನ್ನೆ ಎಂದರೆ ಮಾಡಿನ ಜಂತೆ, ಅದರಿಂದ ಮೇಲಕ್ಕೆ ಜಾಗವಿಲ್ಲ. ಉಳಿದದ್ದೆಲ್ಲ ಸೊನ್ನೆಯಿಂದ ಕೆಳಕ್ಕೆ. 6 ಡೆಸಿಬೆಲ್ ಏರಿಸಿದರೆ ಅಲೆಯ ಎತ್ತರ ಸುಮಾರು ಎರಡರಷ್ಟಾಗುತ್ತದೆ, 20 ಏರಿಸಿದರೆ ಹತ್ತರಷ್ಟು. ಈಗ ಅಜ್ಜಿಯ ದನಿ ಸೊನ್ನೆಯಿಂದ 30 ಕೆಳಗಿದೆ, ಮಳೆ 45 ಕೆಳಗಿದೆ ಎಂದಿಟ್ಟುಕೊಳ್ಳಿ. ನಡುವಿನ ಅಂತರ 15. ನೀವು 24 ಏರಿಸಿದಿರಿ. ಅಜ್ಜಿ 6 ಕೆಳಗೆ ಬಂದರು, ಮಳೆ 21 ಕೆಳಗೆ ಬಂತು. ಅಂತರ? ಅದೇ 15. ತೊಟ್ಟಿಲನ್ನು ಎತ್ತಿದರೆ ಮಗುವಿನ ಜೊತೆ ಹಾಸಿಗೆಯೂ ಮೇಲೆ ಬರುವುದಿಲ್ಲವೇ, ಹಾಗೆ.

ಆ ಅಂತರವನ್ನು ದೊಡ್ಡದು ಮಾಡುವ ಜಾಗ ಅಜ್ಜಿಯ ಜಗಲಿ. ಮೊಬೈಲು ಎಂಟು ಅಡಿ ದೂರದಲ್ಲಿದ್ದರೆ ನಾಲ್ಕಕ್ಕೆ ತನ್ನಿ, ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ದೂರ ಅರ್ಧವಾದಾಗಲೆಲ್ಲ ದನಿ ಹೆಚ್ಚುಕಡಿಮೆ 6 ಡೆಸಿಬೆಲ್ ಏರುತ್ತದೆ. ಒಟ್ಟು 18. ಮಳೆ ಇದ್ದಲ್ಲೇ ಇರುತ್ತದೆ. ಈ 18 ಅನ್ನು ಯಾವ ತಂತ್ರಾಂಶವೂ ಆಮೇಲೆ ತಂದುಕೊಡಲಾರದು. ಚಿತ್ರಕ್ಕೆ ಒಂದು ಮೊಬೈಲು ದೂರದಲ್ಲಿ, ದನಿಗೆ ಇನ್ನೊಂದು ಅಜ್ಜಿಯ ಮಡಿಲ ಹತ್ತಿರ ಇಟ್ಟು, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಎಡಿಟಿಂಗಿನಲ್ಲಿ ಎರಡನ್ನೂ ಹೊಂದಿಸಬಹುದು.

ಗೋಡೆ ಬರಿದಾದ ಕೋಣೆಯಲ್ಲಿ ಮಾರ್ದನಿಯೂ ಒಂದು ಕಾಟ. ಮಾರ್ದನಿಗೆ ಮಲಯಾಳದಲ್ಲಿ ಮಾಟ್ಟೊಲಿ ಎನ್ನುತ್ತಾರೆ. ಮಾನಂತವಾಡಿ ಹತ್ತಿರ ದ್ವಾರಕದಲ್ಲಿ 2009ರಲ್ಲಿ ಶುರುವಾದ 90.4ರ ಸಮುದಾಯ ಬಾನುಲಿಗೆ ಅದೇ ಹೆಸರು. ನಮ್ಮ ಬಾನುಲಿಯ ಉಲಿ, ಅವರ ಮಾಟ್ಟೊಲಿಯ ಒಲಿ, ಎರಡೂ ಒಂದೇ ಬೇರಿನವು. ಬಾನುಲಿಗೆ ಹೆಸರಾಗಿ ಚಂದ, ಧ್ವನಿಮುದ್ರಣದೊಳಗೆ ಬೇಡ. ಕಂಬಳಿಯೋ ಚಾಪೆಯೋ ಗೋಡೆಗೆ ತೂಗುಹಾಕಿ.

ಆದರೆ ಮುದ್ರಣ ಆಗಿಹೋಗಿದೆ, ಅಜ್ಜಿ ಈಗಿಲ್ಲ. ಆಗೇನು ಮಾಡುವುದು? ಮೊದಲು ಮೂಲ ಕಡತದ ಒಂದು ನಕಲು ತೆಗೆದು, ಕೆಲಸವನ್ನೆಲ್ಲ ನಕಲಿನ ಮೇಲೆ ಮಾಡಿ. ದನಿ ಎಡಗಡೆ ಮಾತ್ರ ಇದೆಯೋ ಎಂದು ನೋಡಿ; ಇದ್ದರೆ ಅದನ್ನೇ ಎರಡೂ ಕಡೆಗೆ ಹಾಕಿ. ಬಳಿಕ ಹೈ ಪಾಸ್ ಎಂಬ ಸೋಸಣಿಗೆಯಿಂದ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಹಾಕಿ. ಗಾಳಿಯ ಗುದ್ದು, ಪಂಪಿನ ಮೋಟರಿನ ಗುಂಯ್‌ಗುಟ್ಟುವಿಕೆ ಬಹಳಷ್ಟು ಇಳಿಯುತ್ತದೆ, ಮಾತಿಗೆ ನಷ್ಟವಿಲ್ಲ.

ಇನ್ನು ನಾರ್ಮಲೈಸ್ ಎಂಬ ಗುಂಡಿ. ಅದನ್ನು ಒತ್ತಿಯೂ ದನಿ ಏರಲಿಲ್ಲ ಎಂದು ಹಲವರು ಬೇಸರಪಡುತ್ತಾರೆ. ಸಾಮಾನ್ಯವಾಗಿ ಅದು ನೋಡುವುದು ಇಡೀ ಮುದ್ರಣದಲ್ಲಿ ಎಲ್ಲಕ್ಕಿಂತ ಎತ್ತರದ ಒಂದು ಅಲೆಯನ್ನು. ನೀವೇ ತಟ್ಟಿದ ಆ ಚಪ್ಪಾಳೆಯೋ, ಅಜ್ಜಿಯ ಒಂದು ಕೆಮ್ಮೋ ಸೊನ್ನೆಗೆ 2 ಡೆಸಿಬೆಲ್ ಹತ್ತಿರ ಹೋಗಿದ್ದರೆ, ಉಳಿದ ಅರ್ಧ ಗಂಟೆಯ ಕತೆ ಎಷ್ಟೇ ಮೆಲ್ಲಗಿರಲಿ, ಏರುವುದು ಅಷ್ಟೇ. ಆ ಕೆಮ್ಮಿನ ತುಣುಕನ್ನು ಮಾತ್ರ ಮೊದಲು ತಗ್ಗಿಸಿ, ಆಮೇಲೆ ಏರಿಸಿ. ಅಂಥವು ತುಂಬಾ ಇದ್ದರೆ ಕಂಪ್ರೆಸರ್ ಬಳಸಿ. ಅದು ಜೋರಾದದ್ದನ್ನು ಅದುಮಿ, ಮೆಲ್ಲಗಿನದಕ್ಕೆ ಮೇಲೇರಲು ಜಾಗ ಮಾಡಿಕೊಡುತ್ತದೆ. ಕೊನೆಗೆ ಲಿಮಿಟರ್ ಅನ್ನು ಸೊನ್ನೆಗಿಂತ 1 ಡೆಸಿಬೆಲ್ ಕೆಳಗಿಡಿ, ಅಲೆಯ ತಲೆ ಜಂತೆಗೆ ಬಡಿಯದ ಹಾಗೆ. ಬಡಿದರೆ ಮಾತು ಕರಕರ ಎನ್ನುತ್ತದೆ. ಶಾಟ್‌ಕಟ್, ಅಡಾಸಿಟಿ ಇವುಗಳಿಗೆ ದುಡ್ಡು ಕೊಡಬೇಕಾಗಿಲ್ಲ, ಹೇಳಿದ್ದೆಲ್ಲ ಅವುಗಳಲ್ಲೇ ಇದೆ.

ಸದ್ದು ಅಳಿಸುವ ಸಾಧನದ ಬಗ್ಗೆ ಮಾತ್ರ ನನಗೆ ಭಯ. ಮಾತಿಲ್ಲದ ಎರಡು ಮೂರು ಸೆಕೆಂಡು ಮಳೆಯನ್ನು ಅದಕ್ಕೆ ತೋರಿಸಿದರೆ, ಅದರಂಥದ್ದನ್ನೆಲ್ಲ ಹುಡುಕಿ ತೆಗೆಯುತ್ತದೆ. ಆದರೆ ಸ, ಶ, ಹ ಎಂಬ ಅಕ್ಷರಗಳೂ ಬರಿಯ ಉಸಿರಿನ ಸದ್ದುಗಳೇ, ಮಳೆಯ ಸದ್ದಿನ ನೆಂಟರು. ಜಾಸ್ತಿ ಉಜ್ಜಿದರೆ ಮಳೆಯ ಜೊತೆ ಇವೂ ಕೊಚ್ಚಿಹೋಗುತ್ತವೆ. ಗಡಿಯಲ್ಲಿ ಕೂತ ನಮಗೆ ಇದು ಸಣ್ಣ ವಿಷಯವಲ್ಲ. ಕಬಿನಿಯ ಆಚೆ ಬೈರಕುಪ್ಪೆಯಲ್ಲಿ ಹಾಲು, ಈಚೆ ಮಲಯಾಳದಲ್ಲಿ ಪಾಲ್. ನಡುವಿನ ಅಜ್ಜಿ ಹಾಲು ಅಂದರೋ, ಹಕಾರ ಬಿಟ್ಟು ಆಲು ಅಂದರೋ, ಅದೇ ಆ ಊರಿನ ಮಾತಿನ ಗುರುತು. ಕಾಟ್ಟುನಾಯ್ಕರ, ಬೆಟ್ಟಕುರುಮರ ಮಾತು ಕನ್ನಡಕ್ಕೆ ಹತ್ತಿರದ್ದು. ಅವರ ಮಕ್ಕಳು ಶಾಲೆಯಲ್ಲಿ ಓದುವುದು ಮಲಯಾಳ. ಆ ಮನೆಗಳಲ್ಲಿ ಇಂಥ ಮುದ್ರಣವೇ ಪುಸ್ತಕ. ಮಳೆ ಸ್ವಲ್ಪ ಉಳಿದರೆ ಉಳಿಯಲಿ, ಅಕ್ಷರ ಹೋಗಬಾರದು. 6 ಡೆಸಿಬೆಲ್‌ನಷ್ಟು ಅಳಿಸಿ ಕೇಳಿ, ಹೆಚ್ಚಿನ ಪಾಲು ಅಷ್ಟೇ ಸಾಕು.

ಮುಗಿದ ಮೇಲೆ ಇಯರ್‌ಫೋನಿನಲ್ಲಿ ಒಮ್ಮೆ, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಅಜ್ಜಿಯ ಮಾತು ಬಲ್ಲ ಇನ್ನೊಬ್ಬ ಹಿರಿಯರಿಗೂ ಕೇಳಿಸಿ, ಎಲ್ಲಿ ತಿಳಿಯಲಿಲ್ಲ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಏರಿಸಿದ ಕಡತದ ಪಕ್ಕದಲ್ಲೇ ಮೂಲವನ್ನೂ ಊರು, ದಿನಾಂಕದ ಸಮೇತ ಇಡಿ. ನಾಳೆ ಇದಕ್ಕಿಂತ ಒಳ್ಳೆಯ ಸಾಧನ ಬಂದರೆ ಅದಕ್ಕೆ ಬೇಕಾಗುವುದು ಆ ಮೆಲ್ಲಗಿನ, ಮಳೆ ತುಂಬಿದ ಮೂಲವೇ.